ಬರದಲ್ಲಿ ಹಸಿರೇರಿದ ಕಾಡು: 2005ರ ಅಮೆಜಾನ್ ಪ್ರಕರಣ

2007ರ ಸೆಪ್ಟೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯ ಮೂಲಕ ಒಂದೇ ಪುಟದ ಪ್ರಬಂಧವೊಂದು ಹೊರಬಂತು. ಎರಡು ವರ್ಷಗಳ ಹಿಂದೆ, 2005ರಲ್ಲಿ, ಅಮೆಜಾನ್ ಜಲಾನಯನದ ದೊಡ್ಡ ಭಾಗ ಭೀಕರ ಬರಕ್ಕೆ ಸಿಕ್ಕಿದ್ದಾಗ ಅಲ್ಲಿನ ಕಾಡು ಬಾಡುವ ಬದಲು ವಾಡಿಕೆಗಿಂತ ಹೆಚ್ಚು ಹಸಿರಾಗಿತ್ತು ಎಂಬುದು ಅದರ ಸಾರ. ಅರಿಜೋನಾ ವಿಶ್ವವಿದ್ಯಾಲಯದ ಸ್ಕಾಟ್ ಸಲೆಸ್ಕಾ, ಕಮೆಲ್ ಡಿಡಾನ್, ಆಲ್ಫ್ರೆಡೊ ಹ್ಯುಯೆಟೆ ಮತ್ತು ಸಾವೊ ಪಾಲೊ ವಿಶ್ವವಿದ್ಯಾಲಯದ ಹಂಬರ್ಟೊ ಡ ರೋಷಾ ಅದನ್ನು ಬರೆದಿದ್ದರು. ನಾಸಾದ ಟೆರ್ರಾ ಉಪಗ್ರಹದಲ್ಲಿರುವ ಮೋಡಿಸ್ ಎಂಬ ಉಪಕರಣ ಕಳಿಸಿದ ಚಿತ್ರಗಳು ಅವರ ಆಧಾರ.

ಆ ಒಂದು ಪುಟದ ಸುತ್ತ ಹತ್ತು ವರ್ಷ ವಾದ ನಡೆಯಿತು. ಒಂದು ತಂಡ ಅದನ್ನು ಅಲ್ಲಗಳೆಯಿತು, ಇನ್ನೊಂದು ತಂಡ ನೆರಳಿನ ಲೆಕ್ಕ ಹಾಕಿ ಮತ್ತಷ್ಟು ಕೆಡವಿತು, ಮೂರನೆಯದು ಎಲೆಗಳ ವಯಸ್ಸನ್ನು ಎಣಿಸಿ ಸ್ವಲ್ಪ ಭಾಗವನ್ನು ಮತ್ತೆ ಎತ್ತಿ ನಿಲ್ಲಿಸಿತು. ಕಾಡಿನ ಇಂಗಾಲದ ಬಗ್ಗೆ ಉಪಗ್ರಹ ಏನು ಹೇಳಬಲ್ಲದು, ಎಲ್ಲಿಂದ ಮುಂದೆ ಅದರ ಮಾತು ನಿಲ್ಲುತ್ತದೆ ಎಂಬುದನ್ನು ತಿಳಿಯಲು ನಾನು ಕಂಡಂತೆ ಇದಕ್ಕಿಂತ ಒಳ್ಳೆಯ ಪ್ರಕರಣವಿಲ್ಲ.

ಬರ ಬಂದ ಬಗೆ

ಅಮೆಜಾನ್‌ನಲ್ಲಿ ಮಳೆ ಕೈಕೊಟ್ಟರೆ ಮೊದಲು ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರ ಬಿಸಿಯೇರುವ ವಿದ್ಯಮಾನದ ಕಡೆಗೆ ಬೆರಳು ತೋರಿಸುವುದು ವಾಡಿಕೆ. 2005ರ ಬರ ಹಾಗೆ ಬಂದದ್ದಲ್ಲ. ಉಷ್ಣವಲಯದ ಉತ್ತರ ಅಟ್ಲಾಂಟಿಕ್ ಸಾಗರ ಆ ವರ್ಷ ವಿಪರೀತ ಬಿಸಿಯಾಗಿತ್ತು. ಕತ್ರೀನಾ ಚಂಡಮಾರುತ ಅಮೆರಿಕದ ತೀರಕ್ಕೆ ಅಪ್ಪಳಿಸಿದ್ದೂ ಅದೇ ವರ್ಷ. ಬಿಸಿಯಾದ ಸಮುದ್ರ ಮಳೆಪಟ್ಟಿಯನ್ನು ಉತ್ತರಕ್ಕೆ ಎಳೆದುಕೊಂಡಾಗ ಜಲಾನಯನದ ಪಶ್ಚಿಮ ಮತ್ತು ನೈಋತ್ಯ ಭಾಗಗಳ ಮೇಲೆ ಗಾಳಿ ಕೆಳಮುಖವಾಗಿ ಇಳಿಯಿತು, ಮೋಡ ಕಟ್ಟಲಿಲ್ಲ. ಮೊದಲೇ ಒಣಹವೆ ಇರುವ ತಿಂಗಳುಗಳಲ್ಲೇ ಕೊರತೆ ತೀವ್ರವಾಯಿತು. ದೋಣಿಯೇ ಬಸ್ಸಾಗಿರುವ ನದಿದಂಡೆಯ ಊರುಗಳು ಹೊರಜಗತ್ತಿನಿಂದ ಕಡಿದುಹೋದವು, ಮೀನುಗಳು ಸತ್ತು ತೇಲಿದವು. ಬ್ರೆಜಿಲ್‌ನ ಅಮೆಜೋನಾಸ್ ರಾಜ್ಯದಲ್ಲಿ ನೀರು, ಆಹಾರ ತಲುಪಿಸಲು ಸೇನೆಯ ನೆರವು ಬೇಕಾಯಿತು. ಪಕ್ಕದ ಆಕ್ರೆ ರಾಜ್ಯದಲ್ಲಿ ಸಾಮಾನ್ಯವಾಗಿ ಬೆಂಕಿಯನ್ನೇ ಕಾಣದ ಕಾಡು ಹೊತ್ತಿ ಉರಿಯಿತು.

ಇಂಥ ಬರಕ್ಕೆ ಕಾಡು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬ ಪ್ರಶ್ನೆಗೆ ಇಡೀ ಭೂಮಿಯ ಹವಾಮಾನದ ಲೆಕ್ಕ ಕಟ್ಟಿಕೊಂಡಿದೆ. ಅಮೆಜಾನ್‌ನ ಮರ ಮತ್ತು ಮಣ್ಣಿನಲ್ಲಿ 15,000ದಿಂದ 20,000 ಕೋಟಿ ಟನ್ ಇಂಗಾಲವಿದೆ ಎಂದು ಅಂದಾಜು. 2000ನೇ ಇಸವಿಯಲ್ಲಿ ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಪೀಟರ್ ಕಾಕ್ಸ್ ಮತ್ತು ಸಂಗಡಿಗರು ಒಂದು ಗಣಕ ಮಾದರಿಯ ಫಲಿತಾಂಶ ಪ್ರಕಟಿಸಿದ್ದರು. ಈ ಶತಮಾನದಲ್ಲಿ ಒಣಹವೆ ಹೆಚ್ಚಿದಂತೆ ಅಮೆಜಾನ್ ಕಾಡು ಕುಸಿದು, ತನ್ನೊಳಗಿನ ಇಂಗಾಲವನ್ನು ಗಾಳಿಗೆ ಬಿಟ್ಟು, ತಾಪವನ್ನು ಇನ್ನಷ್ಟು ಏರಿಸೀತು ಎಂಬ ಎಚ್ಚರಿಕೆ ಅದರಲ್ಲಿತ್ತು. ಆ ಮಾದರಿಗಳಲ್ಲಿ ನೀರು ಕಡಿಮೆಯಾದ ಕೂಡಲೇ ದ್ಯುತಿಸಂಶ್ಲೇಷಣೆ ಕುಗ್ಗುತ್ತದೆ. ಸಲೆಸ್ಕಾ ತಂಡ ಪ್ರಶ್ನಿಸಿದ್ದು ಇದನ್ನೇ.

ಅವರ ಪ್ರಶ್ನೆಗೆ ಗಟ್ಟಿ ಹಿನ್ನೆಲೆಯೂ ಇತ್ತು. ಡೇನಿಯಲ್ ನೆಪ್‌ಸ್ಟಾಡ್ ಮತ್ತು ಇತರರು 1994ರಲ್ಲೇ ಪೂರ್ವ ಅಮೆಜಾನ್‌ನ ಪರಗೊಮಿನಾಸ್ ಬಳಿ ಗುಂಡಿ ತೋಡಿ, ಮರದ ಬೇರುಗಳು ಎಂಟು ಮೀಟರಿಗೂ ಆಳಕ್ಕೆ ಇಳಿದು ನೀರು ಎಳೆಯುತ್ತವೆ ಎಂದು ತೋರಿಸಿದ್ದರು. 2003ರಲ್ಲಿ ಸಲೆಸ್ಕಾ ಅವರೇ ಸಾಂತಾರೆಂ ಸಮೀಪದ ತಪಜೋಸ್ ರಾಷ್ಟ್ರೀಯ ಅರಣ್ಯದ ಎತ್ತರದ ಗೋಪುರದಿಂದ ಕಾಡಿನ ಒಳಹೊರಗೆ ಹರಿಯುವ ಇಂಗಾಲದ ಡೈಆಕ್ಸೈಡ್ ಅಳೆದು ಅಚ್ಚರಿಯ ಸಂಗತಿ ಕಂಡಿದ್ದರು. ಅಲ್ಲಿ ಕಾಡು ಇಂಗಾಲ ಗಳಿಸುತ್ತಿದ್ದದ್ದು ಬೇಸಗೆಯಲ್ಲಿ (ಅಲ್ಲಿ ಬೇಸಗೆ ಎಂದರೆ ವರ್ಷದ ನಡುವಿನ ಒಣ ತಿಂಗಳುಗಳು), ಕಳೆದುಕೊಳ್ಳುತ್ತಿದ್ದದ್ದು ಮಳೆಗಾಲದಲ್ಲಿ. ಒದ್ದೆಯಾದಾಗ ನೆಲದ ಮೇಲಿನ ಕೊಳೆತ ದಿಮ್ಮಿಗಳು ಬೇಗ ಕರಗುತ್ತವೆ. ಬೇಸಗೆಯಲ್ಲಿ ಕೊಳೆಯುವಿಕೆ ನಿಧಾನವಾಗುತ್ತದೆ, ಆಳದ ಬೇರು ನೀರು ಒದಗಿಸುತ್ತದೆ, ಮೇಲೆ ಮೋಡವಿಲ್ಲದ ಬಿಸಿಲು. ಹಾಗಾದರೆ ಬರದಲ್ಲೂ ಬಿಸಿಲು ಹೆಚ್ಚಿ ಕಾಡು ಚಿಗುರಿರಬಾರದೇಕೆ? ಪ್ರಶ್ನೆ ನ್ಯಾಯವಾದದ್ದೇ.

ಉಪಗ್ರಹ ಅಳೆದದ್ದು ಏನನ್ನು

ಮುಂದಿನ ಜಗಳವೆಲ್ಲ ನಿಂತಿರುವುದು ಅಳತೆಯ ಮೇಲೆ. ಹಾಗಾಗಿ ಇದನ್ನು ನಿಧಾನವಾಗಿ ನೋಡಬೇಕು.

ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬೆಳಕನ್ನು ಎಲೆಯ ಜೀವಕೋಶಗಳ ರಚನೆ ಚದುರಿಸಿ ಹಿಂದಕ್ಕೆ ಕಳಿಸುತ್ತದೆ. ಎರಡರ ವ್ಯತ್ಯಾಸವನ್ನು ಒಂದು ಅಂಕಿಯಾಗಿ ಬರೆದರೆ ಅದು ಸಸ್ಯ ಸೂಚ್ಯಂಕ. ಹಳೆಯ ಎನ್‌ಡಿವಿಐ ಸೂಚ್ಯಂಕ ದಟ್ಟ ಕಾಡಿನ ಮೇಲೆ ಬೇಗ ಗರಿಷ್ಠ ಮಟ್ಟ ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಆ ಕೊರತೆ ನೀಗಿಸಲು ಹ್ಯುಯೆಟೆ ಮತ್ತು ಸಹೋದ್ಯೋಗಿಗಳು ಇವಿಐ ಎಂಬ ಸುಧಾರಿತ ಸೂಚ್ಯಂಕವನ್ನು ರೂಪಿಸಿದ್ದರು. ಅದರಲ್ಲಿ ಗಾಳಿಯ ಹೊಗೆ, ಧೂಳಿನ ಪ್ರಭಾವ ಕಳೆಯಲು ನೀಲಿ ಬೆಳಕಿನ ಅಂಕಿಯನ್ನೂ ಬಳಸುತ್ತಾರೆ. ದಟ್ಟ ಕಾಡಿನಲ್ಲೂ ಇವಿಐ ಏರಿಳಿಯುತ್ತದೆ. ಆದರೆ ಆ ಏರಿಳಿತ ಬಹುಮಟ್ಟಿಗೆ ಅವಕೆಂಪಿನದು. ಅವಕೆಂಪು ಯಾವ ಕಾರಣಕ್ಕೆ ಹೆಚ್ಚಿದರೂ ಸೂಚ್ಯಂಕ ಅದನ್ನು ‘ಹಸಿರು ಹೆಚ್ಚಿತು’ ಎಂದೇ ಓದುತ್ತದೆ.

2005ರ ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳ ಇವಿಐ ಅಂಕಿಗಳನ್ನು ಉಳಿದ ವರ್ಷಗಳ ಅದೇ ತಿಂಗಳುಗಳೊಂದಿಗೆ ಹೋಲಿಸಿದಾಗ ಬರಪೀಡಿತ ಕಾಡಿನ ಬಹುಭಾಗ ಹಸಿರಿನತ್ತ ವಾಲಿತ್ತು. ಅಲ್ಪಕಾಲದ ಬರವನ್ನು ಅಮೆಜಾನ್ ಕಾಡು ಮಾದರಿಗಳು ಭಾವಿಸಿದ್ದಕ್ಕಿಂತ ಚೆನ್ನಾಗಿ ತಾಳಿಕೊಳ್ಳಬಹುದು ಎಂಬ ತೀರ್ಮಾನಕ್ಕೆ ತಂಡ ಬಂತು. ಲೇಖಕರ ಮಾತು ಎಚ್ಚರದಿಂದಲೇ ಕೂಡಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಅಲ್ಪಕಾಲದ ಬರ, ಕಡಿಯದ ಕಾಡು ಎಂಬ ಎರಡು ಮಿತಿಗಳನ್ನು ಅವರೇ ಹಾಕಿಕೊಂಡಿದ್ದರು. ಹೊರಗೆ ಹಬ್ಬಿದ ಸುದ್ದಿಯಲ್ಲಿ ಆ ಮಿತಿಗಳು ಉಳಿಯಲಿಲ್ಲ.

ಟೇಪು ಹಿಡಿದವರ ಲೆಕ್ಕ

ಅದೇ ಹೊತ್ತಿಗೆ ಕಾಡಿನೊಳಗೆ ಬೇರೆಯೇ ಅಳತೆ ನಡೆಯುತ್ತಿತ್ತು. ರೇನ್‌ಫಾರ್ ಎಂಬ ಜಾಲಕ್ಕೆ ಸೇರಿದ ಸಂಶೋಧಕರು ಪೆರು, ಬೊಲಿವಿಯಾ, ಬ್ರೆಜಿಲ್ ಮೊದಲಾದ ದೇಶಗಳಲ್ಲಿ ಗಡಿ ಗುರುತು ಮಾಡಿದ ಕಾಡಿನ ತುಣುಕುಗಳಿಗೆ ಕೆಲವು ವರ್ಷಕ್ಕೊಮ್ಮೆ ಹೋಗುತ್ತಾರೆ. ಹತ್ತು ಸೆಂಟಿಮೀಟರಿಗಿಂತ ದಪ್ಪನೆಯ ಪ್ರತಿ ಮರಕ್ಕೂ ಸಂಖ್ಯೆಯ ತಗಡು ಹೊಡೆದಿರುತ್ತದೆ. ಎದೆಮಟ್ಟದಲ್ಲಿ, ಬುಡ ಹಲಗೆಯಂತೆ ಹರಡಿದ್ದರೆ ಏಣಿ ಹತ್ತಿ ಅದರ ಮೇಲ್ಗಡೆ, ಟೇಪು ಸುತ್ತಿ ಅಳೆಯುತ್ತಾರೆ. ಯಾವ ಮರ ಎಷ್ಟು ದಪ್ಪವಾಯಿತು, ಯಾವುದು ಸತ್ತಿತು, ಯಾವುದು ಹೊಸದಾಗಿ ಹತ್ತು ಸೆಂಟಿಮೀಟರ್ ದಾಟಿತು ಎಂದು ಬರೆದುಕೊಳ್ಳುತ್ತಾರೆ. ಮರದ ಜಾತಿಯ ಸಾಂದ್ರತೆ ಸೇರಿಸಿ ಲೆಕ್ಕ ಹಾಕಿದರೆ ಜೀವರಾಶಿಯ ತೂಕ ಸಿಗುತ್ತದೆ. ಅದರ ಸುಮಾರು ಅರ್ಧ ಇಂಗಾಲ.

ಬರದ ನಂತರ ಈ ತಂಡಗಳು ತಡಮಾಡದೆ 55 ತುಣುಕುಗಳನ್ನು ಮತ್ತೆ ಅಳೆದವು. ಲೀಡ್ಸ್ ವಿಶ್ವವಿದ್ಯಾಲಯದ ಆಲಿವರ್ ಫಿಲಿಪ್ಸ್ ಮುಂದಾಳುತನದಲ್ಲಿ 2009ರ ಮಾರ್ಚ್‌ನಲ್ಲಿ, ಅದೇ ‘ಸೈನ್ಸ್’ ಪತ್ರಿಕೆಯಲ್ಲಿ, ಫಲಿತಾಂಶ ಬಂತು. ದಶಕಗಳಿಂದ ಇಂಗಾಲ ಕೂಡಿಡುತ್ತಿದ್ದ ಕಾಡು ಬರ ಬಿದ್ದಲ್ಲಿ ತೂಕ ಕಳೆದುಕೊಂಡಿತ್ತು. ನೀರಿನ ಕೊರತೆ 100 ಮಿಲಿಮೀಟರ್ ಹೆಚ್ಚಾದಲ್ಲಿ ಹೆಕ್ಟೇರಿಗೆ ಸರಾಸರಿ 5.3 ಟನ್ ಇಂಗಾಲದಷ್ಟು ಮರದ ರಾಶಿ ಹೋಗಿತ್ತು. ಇಡೀ ಜಲಾನಯನಕ್ಕೆ ಹರಡಿ ನೋಡಿದರೆ ಬರದ ಒಟ್ಟು ಪೆಟ್ಟು 120ರಿಂದ 160 ಕೋಟಿ ಟನ್ ಇಂಗಾಲ. ನಷ್ಟದ ಮುಖ್ಯ ಕಾರಣ ಮರಗಳ ಸಾವು.

ಮೇಲಿನಿಂದ ನೋಡಿದರೆ ಹಸಿರು, ಕೆಳಗಿನಿಂದ ಅಳೆದರೆ ಸಾವು. ಓದುಗರಿಗೆ ಒಂದು ಸುಳ್ಳಾಗಿರಬೇಕು ಎನ್ನಿಸುವುದು ಸಹಜ. ಆದರೆ ಎರಡೂ ಏಕಕಾಲಕ್ಕೆ ನಿಜವಾಗಲು ಏನೂ ಅಡ್ಡಿಯಿಲ್ಲ. ಕಾಡಿನ ಇಂಗಾಲದಲ್ಲಿ ಎಲೆಯ ಪಾಲು ಅತ್ಯಲ್ಪ, ಉಳಿದದ್ದು ಕಾಂಡ, ಕೊಂಬೆ, ಬೇರು, ಮಣ್ಣು. ಸೂಚ್ಯಂಕಕ್ಕೆ ಕಾಣುವುದು ಆ ಅತ್ಯಲ್ಪ ಪಾಲಿನ ಮೇಲ್ಪದರ ಮಾತ್ರ. ದೊಡ್ಡ ಮರವೊಂದು ಸತ್ತು ಬಿದ್ದರೆ ಆ ಕಿಂಡಿಯಲ್ಲಿ ಬೆಳಕು ಇಳಿದು, ಕೆಳಗೆ ಕಾದು ನಿಂತಿದ್ದ ಎಳೆಯ ಗಿಡಗಳು, ಬಳ್ಳಿಗಳು ನುಗ್ಗಿ ಬೆಳೆಯುತ್ತವೆ. ಉಪಗ್ರಹ ಒಂದೇ ಬಿಂದುವಾಗಿ ಕಾಣುವ ಕಿಲೋಮೀಟರ್ ಅಗಲದ ಚೌಕದಲ್ಲಿ ಆ ಮರದ ಸಾವು ಗುರುತೇ ಸಿಗದೆ ಹೋಗಬಹುದು. ಬಿದ್ದ ಕಾಂಡದೊಳಗಿನ ಇಂಗಾಲವೂ ಅಂದೇ ಗಾಳಿಗೆ ಸೇರುವುದಿಲ್ಲ. ಗೆದ್ದಲು, ಶಿಲೀಂಧ್ರಗಳ ಮೂಲಕ ವರ್ಷಾನುಗಟ್ಟಲೆ, ಕೆಲವೊಮ್ಮೆ ದಶಕಗಳ ಕಾಲ ಅದು ಹೊರಬರುತ್ತಲೇ ಇರುತ್ತದೆ.

ಇನ್ನೊಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ನೆಪ್‌ಸ್ಟಾಡ್ ತಂಡ ತಪಜೋಸ್ ಕಾಡಿನ ಒಂದು ಹೆಕ್ಟೇರಿನಲ್ಲಿ ನೆಲದ ಮೇಲೆ ಪ್ಲಾಸ್ಟಿಕ್ ಹಲಗೆಗಳ ಚಪ್ಪರ ಹಾಕಿ, ಮಳೆಗಾಲದಲ್ಲಿ ಎಲೆಗಳಿಂದ ಕೆಳಗಿಳಿಯುವ ನೀರಿನ ಅರ್ಧಕ್ಕೂ ಹೆಚ್ಚು ಪಾಲನ್ನು ಹೊರಗೆ ಹರಿಸಿಬಿಟ್ಟಿತು. ಮೊದಲ ವರ್ಷಗಳಲ್ಲಿ ಮರಗಳು ಆಳದ ನೀರಿನ ಮೇಲೆ ಬದುಕಿದವು. ಆ ದಾಸ್ತಾನು ಮುಗಿದ ಮೇಲೆ ಸಾವು ಏರಿತು, ದೊಡ್ಡ ಮರಗಳಲ್ಲಂತೂ ಪಕ್ಕದ ಕಾಡಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿಗೆ. ಅತ್ಯಂತ ಹೆಚ್ಚು ಇಂಗಾಲ ಹೊತ್ತ ಮರಗಳೇ ಅತ್ಯಂತ ಹೆಚ್ಚು ಸತ್ತವು. ಬರ ಬಿದ್ದ ಮೂರು ತಿಂಗಳ ಚಿತ್ರ ನೋಡಿ ತಾಳಿಕೆಯ ತೀರ್ಪು ಕೊಡುವುದು ಏಕೆ ಆತುರದ ಕೆಲಸ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಮೋಡ, ಹೊಗೆ ಮತ್ತು ಒಂದು ಪತ್ರಿಕಾ ಹೇಳಿಕೆ

2010ರ ಮಾರ್ಚ್‌ನಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಅರಿಂದಮ್ ಸಾಮಂತ, ರಂಗ ಮೈನೇನಿ ಮತ್ತು ಸಂಗಡಿಗರು ಮೋಡಿಸ್ ದತ್ತಾಂಶವನ್ನೇ ಮತ್ತೆ ಕೈಗೆತ್ತಿಕೊಂಡು ಪ್ರಶ್ನೆಯನ್ನು ಬೇರಿನಿಂದಲೇ ಕೆದಕಿದರು. ಅಮೆಜಾನ್‌ನಲ್ಲಿ ಜುಲೈನಿಂದ ಸೆಪ್ಟೆಂಬರ್ ಎಂದರೆ ಹುಲ್ಲುಗಾವಲಿಗಾಗಿ ಕಾಡು ಸುಡುವ ಕಾಲ. ಬರದ ವರ್ಷ ಹೊಗೆ ಇನ್ನೂ ದಟ್ಟ. ಹೊಗೆಯಿಲ್ಲದ ಕಡೆ ಚದುರಿದ ಮೋಡ. ಮೋಡಿಸ್‌ನ ಪ್ರತಿ ಚೌಕದೊಂದಿಗೆ ಅದರ ಗುಣಮಟ್ಟದ ಗುರುತೂ ಬರುತ್ತದೆ: ಇಲ್ಲಿ ಮೋಡವಿತ್ತು, ಇಲ್ಲಿ ಹೊಗೆ ಹೆಚ್ಚಿತ್ತು, ಇದನ್ನು ನಂಬಬಹುದು ಎಂದು. ಆ ಗುರುತುಗಳನ್ನು ಕಟ್ಟುನಿಟ್ಟಾಗಿ ಪಾಲಿಸಿ ಕೆಟ್ಟ ಚೌಕಗಳನ್ನು ತೆಗೆದುಹಾಕಿದಾಗ ಚಿತ್ರ ಬದಲಾಯಿತು. ಬರಪೀಡಿತ ಕಾಡಿನಲ್ಲಿ ಹಸಿರು ಹೆಚ್ಚಿದ್ದು ಶೇಕಡಾ 11ರಿಂದ 12ರಷ್ಟು ಕಡೆ ಮಾತ್ರ. ಶೇಕಡಾ 28ರಿಂದ 29ರಷ್ಟು ಕಡೆ ಹಸಿರು ಕುಗ್ಗಿತ್ತು ಅಥವಾ ಇದ್ದಂತೆಯೇ ಇತ್ತು. ಉಳಿದ ಸುಮಾರು ಶೇಕಡಾ 60ರ ಬಗ್ಗೆ ಏನನ್ನೂ ಹೇಳಲಾಗದಷ್ಟು ದತ್ತಾಂಶ ಕೆಟ್ಟಿತ್ತು. ಬರವಿಲ್ಲದ ವರ್ಷಗಳಲ್ಲೂ ಹೆಚ್ಚುಕಡಿಮೆ ಇದೇ ಪ್ರಮಾಣದ ಏರಿಳಿತ ಕಂಡಿತು. ಬರ ತೀವ್ರವಾಗಿದ್ದಲ್ಲಿ ಹಸಿರು ಹೆಚ್ಚು ಎಂಬ ಸಂಬಂಧವೂ ಸಿಗಲಿಲ್ಲ.

ಆ ಶೇಕಡಾ 60 ನನ್ನನ್ನು ಹೆಚ್ಚು ಕಾಡುತ್ತದೆ. ನಕ್ಷೆಗಳಲ್ಲಿ ಅಂಥ ಜಾಗವನ್ನು ಬೂದು ಅಥವಾ ಬಿಳಿ ಬಣ್ಣದಲ್ಲಿ ಬಿಡಬೇಕು. ಅರ್ಧಕ್ಕಿಂತ ಹೆಚ್ಚು ಖಾಲಿ ಇರುವ ನಕ್ಷೆಯನ್ನು ಹಾಗೆಯೇ ಪ್ರಕಟಿಸಲು ವೈಜ್ಞಾನಿಕ ಧೈರ್ಯ ಬೇಕು. ಸಾಮಂತ ಅವರ ಪ್ರಬಂಧದ ನಿಜವಾದ ಬೆಲೆ ಅಲ್ಲಿದೆ.

ಆದರೆ ಅದರ ಜೊತೆಯಲ್ಲೇ ಬೇರೊಂದು ಪ್ರಮಾದವೂ ನಡೆಯಿತು. ಮಳೆ ತುಸು ಕಡಿಮೆಯಾದರೂ ಅಮೆಜಾನ್ ಕಾಡಿನ ಶೇಕಡಾ 40ರವರೆಗಿನ ಭಾಗ ತೀವ್ರವಾಗಿ ಬದಲಾಗಬಹುದು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2007ರ ವರದಿ ಹೇಳಿತ್ತು. ಅದಕ್ಕೆ ಕೊಟ್ಟಿದ್ದ ಆಧಾರ ಸರಿಯಿಲ್ಲವೆಂದು 2010ರ ಜನವರಿಯಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ದೊಡ್ಡದಾಗಿ ಬರೆದಿತ್ತು. ಆ ಗದ್ದಲದ ನಡುವೆ, ಹೊಸ ಪ್ರಬಂಧವು ಐಪಿಸಿಸಿಯ ಮಾತನ್ನು ಅಲ್ಲಗಳೆಯುತ್ತದೆ ಎಂಬ ಧಾಟಿಯ ಪತ್ರಿಕಾ ಹೇಳಿಕೆ ಹೊರಬಿತ್ತು. ಅಮೆಜಾನ್ ತಜ್ಞರ ಗುಂಪೊಂದು ಕೂಡಲೇ ಸಾರ್ವಜನಿಕವಾಗಿ ಆಕ್ಷೇಪಿಸಿತು. ಅವರ ವಾದ ಸರಳ: ಒಂದು ಬರದಲ್ಲಿ ಹಸಿರು ಹೆಚ್ಚಲಿಲ್ಲ ಎಂಬ ಫಲಿತಾಂಶದಿಂದ ಕಾಡು ಬರಕ್ಕೆ ಜಗ್ಗುವುದಿಲ್ಲ ಎಂದು ಸಾಧಿಸಲಾಗದು. ಹಸಿರೇರಿಕೆಯ ವಾದ ಬಿದ್ದರೆ ಬಲಗೊಳ್ಳುವುದು ಕಾಡಿನ ನಾಜೂಕುತನದ ಕಡೆಯ ವಾದವೇ. ‘ಸಂಡೇ ಟೈಮ್ಸ್’ ಅದೇ ವರ್ಷ ಜೂನ್‌ನಲ್ಲಿ ತನ್ನ ವರದಿಯನ್ನು ಹಿಂತೆಗೆದುಕೊಂಡು, ತಾನು ಉಲ್ಲೇಖಿಸಿದ್ದ ವಿಜ್ಞಾನಿ ಸೈಮನ್ ಲೂಯಿಸ್ ಅವರ ಕ್ಷಮೆ ಕೇಳಿತು. ಆ ವೇಳೆಗೆ ತಪ್ಪು ಸುದ್ದಿ ಲೋಕ ಸುತ್ತಿ ಬಂದಾಗಿತ್ತು.

ನೆರಳಿನ ಲೆಕ್ಕ

ಹೊಗೆ ಮತ್ತು ಮೋಡ ಕಳೆದ ಮೇಲೂ ಒಂದು ಸಂಗತಿ ಉಳಿದಿತ್ತು. ಬರವಿಲ್ಲದ ಸಾಮಾನ್ಯ ವರ್ಷಗಳಲ್ಲೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಮೆಜಾನ್‌ನ ಇವಿಐ ಏರುತ್ತಲೇ ಹೋಗುತ್ತದೆ. ಹ್ಯುಯೆಟೆ 2006ರಲ್ಲೇ ಇದನ್ನು ತೋರಿಸಿದ್ದರು: ಬೇಸಗೆಯಲ್ಲಿ ಶೇಕಡಾ 25ರಷ್ಟು ಏರಿಕೆ. ಇದು ಪ್ರತಿ ವರ್ಷ ತಪ್ಪದೆ ಬರುವ ಲಯ. ಇದಾದರೂ ಕಾಡಿನದೇ?

ಅಲ್ಲ ಎಂದರು ನಾಸಾ ಗಾಡರ್ಡ್ ಕೇಂದ್ರದ ಡಗ್ಲಸ್ ಮಾರ್ಟನ್. 2014ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅವರ ತಂಡದ ವಾದ ಪೂರ್ತಿ ಜ್ಯಾಮಿತಿಯದು. ಟೆರ್ರಾ ಉಪಗ್ರಹ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಸಮಭಾಜಕ ದಾಟುತ್ತದೆ, ಮೋಡಿಸ್ ಎಡಕ್ಕೂ ಬಲಕ್ಕೂ ಸೇರಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಅಗಲ ನೋಡುತ್ತದೆ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕಿರುತ್ತಾನೆ. ಬೆಳಕು ಓರೆಯಾಗಿ ಬಿದ್ದು ಎತ್ತರದ ಮರಗಳ ನೆರಳು ಪಕ್ಕದ ನೆತ್ತಿಗಳ ಮೇಲೆ ಚಾಚುತ್ತದೆ, ಉಪಗ್ರಹ ಆ ನೆರಳನ್ನೂ ಸೇರಿಸಿ ಕಾಣುತ್ತದೆ. ಅಕ್ಟೋಬರ್ ಹೊತ್ತಿಗೆ ಸೂರ್ಯ ಮೇಲೇರಿ, ಉಪಕರಣ ನೋಡುವ ಸಾಲಿನಲ್ಲೇ ಬಂದು ನಿಲ್ಲುತ್ತಾನೆ. ಕೆಲವು ಕೋನಗಳಲ್ಲಿ ಸೂರ್ಯ ಉಪಗ್ರಹದ ಬೆನ್ನ ಹಿಂದಿರುವುದರಿಂದ ಪ್ರತಿ ನೆರಳೂ ಅದನ್ನು ಬೀಳಿಸಿದ ಎಲೆಗುಚ್ಛದ ಹಿಂದೆ ಅಡಗಿಕೊಳ್ಳುತ್ತದೆ. ಕಾಡು ಬೆಳಗುತ್ತದೆ, ಮುಖ್ಯವಾಗಿ ಅವಕೆಂಪಿನಲ್ಲಿ. ಒಂದು ಎಲೆಯೂ ಬದಲಾಗದೆ ಇವಿಐ ಏರುತ್ತದೆ. ಈ ಕೋನದ ಪರಿಣಾಮ ಕಳೆದು ನೋಡಿದಾಗ ಬೇಸಗೆಯ ಏರಿಕೆ ಬಹುತೇಕ ಅಳಿಸಿಹೋಯಿತು. ಐಸ್‌ಸ್ಯಾಟ್ ಉಪಗ್ರಹದ ಲೇಸರ್ ಅಳತೆಯಲ್ಲೂ ಕಾಡಿನ ಮೇಲ್ಛಾವಣಿಯಲ್ಲಿ ಋತುಮಾನದ ಬದಲಾವಣೆ ಕಾಣಲಿಲ್ಲ. ಲೇಸರ್ ತನ್ನ ಬೆಳಕನ್ನು ತಾನೇ ಒಯ್ಯುವುದರಿಂದ ಅದಕ್ಕೆ ಸೂರ್ಯನ ಹಂಗಿಲ್ಲ.

ನಾನು ಈ ಪ್ರಬಂಧವನ್ನು ದೂರಸಂವೇದನೆ, ಅಂದರೆ ಉಪಗ್ರಹದಿಂದ ನೆಲ ಅಳೆಯುವ ವಿದ್ಯೆ, ಕಲಿಯುವ ಪ್ರತಿಯೊಬ್ಬರೂ ಓದಬೇಕು ಎನ್ನುತ್ತೇನೆ, ಅದರ ತೀರ್ಮಾನವನ್ನು ಪೂರ್ತಿ ಒಪ್ಪದಿದ್ದರೂ. ಪೂರ್ತಿ ಒಪ್ಪದಿರಲು ಕಾರಣವಿದೆ.

ಎಲೆಯ ವಯಸ್ಸು

ಉಪಗ್ರಹದ ಕೋನ ಏನೇ ಇರಲಿ, ತಪಜೋಸ್‌ನ ಗೋಪುರ ಅಳೆದ ಗಾಳಿ ಸುಳ್ಳಾಗುವುದಿಲ್ಲ. ಅಲ್ಲಿ ಬೇಸಗೆಯಲ್ಲಿ ದ್ಯುತಿಸಂಶ್ಲೇಷಣೆ ಏರುತ್ತಿದ್ದದ್ದು ವಾಸ್ತವ. ಹಾಗಾದರೆ ಎಲೆಗಳ ಪ್ರಮಾಣ ಹೆಚ್ಚದೆ ದ್ಯುತಿಸಂಶ್ಲೇಷಣೆ ಹೆಚ್ಚುವುದು ಹೇಗೆ?

2016ರಲ್ಲಿ ಜಿನ್ ವು, ಸಲೆಸ್ಕಾ ಮತ್ತಿತರರು ‘ಸೈನ್ಸ್’ನಲ್ಲಿ ಉತ್ತರ ಕೊಟ್ಟರು. ತಪಜೋಸ್ ಮತ್ತು ಮನೌಸ್ ಬಳಿಯ ಗೋಪುರಗಳಲ್ಲಿ ಕ್ಯಾಮೆರಾ ಇಟ್ಟು ಮರಗಳ ನೆತ್ತಿಯನ್ನು ಗಮನಿಸಿದಾಗ, ಬೇಸಗೆಯಲ್ಲಿ ಮರಗಳು ಹಳೆಯ ಎಲೆ ಉದುರಿಸಿ ಹೊಸದನ್ನು ಹೊರಡಿಸುವುದು ಕಂಡಿತು. ಎಲೆಗಳ ಒಟ್ಟು ವಿಸ್ತೀರ್ಣ ಅಷ್ಟಾಗಿ ಬದಲಾಗುವುದಿಲ್ಲ, ಎಲೆಗಳ ವಯಸ್ಸು ಬದಲಾಗುತ್ತದೆ. ಬಲಿತು ಒರಟಾದ ಎಲೆಗಿಂತ ಇತ್ತೀಚೆಗೆ ಪಕ್ವವಾದ ಎಲೆ ಹೆಚ್ಚು ಚುರುಕಾಗಿ ಇಂಗಾಲ ಹಿಡಿಯುತ್ತದೆ.

ಕನ್ನಡ ಓದುಗರಿಗೆ ಇದು ಹೊಸ ಸಂಗತಿ ಆಗಬೇಕಿಲ್ಲ. ನಮ್ಮಲ್ಲಿ ಹೊಂಗೆ ತಳಿರೊಡೆಯುವುದು ಮಳೆ ಬಿದ್ದ ಮೇಲಲ್ಲ, ಯುಗಾದಿಯ ಆಸುಪಾಸಿನ ಉರಿಬಿಸಿಲಿನಲ್ಲಿ. ನೆಲ ಒಣಗಿ ಬಿರಿದಿರುವಾಗಲೇ ಮರ ಎಳೆಹಸಿರಾಗುತ್ತದೆ. ಅದನ್ನು ಕಂಡು ಯಾವ ರೈತನೂ ಈ ವರ್ಷ ಬರವಿಲ್ಲ ಎಂದುಕೊಳ್ಳುವುದಿಲ್ಲ.

ಹೀಗೆ ಪ್ರಕರಣ ಎರಡಾಗಿ ಸೀಳಿಕೊಂಡಿತು. ಸಾಮಾನ್ಯ ವರ್ಷದ ಬೇಸಗೆಯಲ್ಲಿ, ಸಾಕಷ್ಟು ವಾರ್ಷಿಕ ಮಳೆ ಇರುವ ಮಧ್ಯ ಅಮೆಜಾನ್‌ನಂಥ ಕಡೆ, ಹಸಿರೇರಿಕೆ ಸ್ವಲ್ಪಮಟ್ಟಿಗೆ ನಿಜ, ಉಪಗ್ರಹದ ಕೋನ ಅದನ್ನು ಹಿಗ್ಗಿಸಿ ತೋರಿಸಿತ್ತು. ಆದರೆ ಬೇಸಗೆ ಬೇರೆ, ಬರ ಬೇರೆ. ಬೇಸಗೆ ಪ್ರತಿ ವರ್ಷ ಬರುವುದು ಮರಕ್ಕೆ ಗೊತ್ತು, ಬೇರು ಅದಕ್ಕೆ ಸಿದ್ಧವಾಗಿರುತ್ತದೆ. ಬರ ಆ ದಾಸ್ತಾನಿನ ತಳವನ್ನೇ ಬಗೆಯುತ್ತದೆ. ಮೊದಲನೆಯದರ ಸಾಕ್ಷ್ಯವನ್ನು ಎರಡನೆಯದಕ್ಕೆ ಚಾಚಿದ್ದೇ 2007ರ ಪ್ರಬಂಧದ ಮೂಲ ದೋಷ ಎಂಬುದು ನನ್ನ ತೀರ್ಪು.

2010: ಅದೇ ಪ್ರಶ್ನೆಗೆ ಎರಡನೆಯ ಪರೀಕ್ಷೆ

ಶತಮಾನಕ್ಕೊಮ್ಮೆಯದು ಎಂದು ಕರೆಸಿಕೊಂಡಿದ್ದ ಬರ ಐದೇ ವರ್ಷಕ್ಕೆ ಮರಳಿತು, ಇನ್ನೂ ಹೆಚ್ಚು ವಿಸ್ತಾರವಾಗಿ. ಮನೌಸ್ ಬಂದರಿನಲ್ಲಿ ರಿಯೊ ನೆಗ್ರೊ ನದಿಯ ಮಟ್ಟ 2010ರ ಅಕ್ಟೋಬರ್‌ನಲ್ಲಿ 13.63 ಮೀಟರಿಗೆ ಇಳಿದು ದಾಖಲೆಯಾಯಿತು.

ಈ ಸಲ ಅಳೆಯುವವರು ಸಜ್ಜಾಗಿದ್ದರು. ಮೈನೇನಿ ತಂಡದ ಲಿಯಾಂಗ್ ಷು ಮತ್ತಿತರರು ಶುದ್ಧೀಕರಿಸಿದ ಮೋಡಿಸ್ ಅಂಕಿಗಳಲ್ಲೇ ಸುಮಾರು 24 ಲಕ್ಷ ಚದರ ಕಿಲೋಮೀಟರ್ ಪ್ರದೇಶದಲ್ಲಿ ಹಸಿರು ಕುಸಿದದ್ದನ್ನು ಕಂಡರು. ಬ್ರೆಜಿಲ್‌ನ ಲೂಸಿಯಾನಾ ಗಟ್ಟಿ ಅವರ ತಂಡ ಆಕಾಶದಿಂದಲೇ ಬೇರೊಂದು ದಾರಿ ಹಿಡಿದಿತ್ತು. ಸಾಂತಾರೆಂ, ಆಲ್ತಾ ಫ್ಲೊರೆಸ್ತಾ, ರಿಯೊ ಬ್ರಾಂಕೊ, ತಬಚಿಂಗಾ ಈ ನಾಲ್ಕು ಕಡೆ ಸಣ್ಣ ವಿಮಾನ ಸುಮಾರು ನಾಲ್ಕು ಕಿಲೋಮೀಟರ್ ಎತ್ತರದಿಂದ ಸುರುಳಿಯಾಗಿ ಇಳಿಯುತ್ತಾ ಗಾಜಿನ ಸೀಸೆಗಳಲ್ಲಿ ಗಾಳಿ ತುಂಬಿಕೊಂಡು ಬರುತ್ತದೆ. ಸಮುದ್ರದ ಕಡೆಯಿಂದ ಒಳಬಂದ ಗಾಳಿಗೂ ಕಾಡಿನ ಮೇಲೆ ಹಾದ ಗಾಳಿಗೂ ಇರುವ ವ್ಯತ್ಯಾಸವೇ ಕಾಡಿನ ಜಮಾಖರ್ಚು. ಕಾರ್ಬನ್ ಮೊನಾಕ್ಸೈಡ್ ನೋಡಿ ಬೆಂಕಿಯ ಪಾಲನ್ನು ಬೇರ್ಪಡಿಸಬಹುದು. 2014ರಲ್ಲಿ ಬಂದ ಫಲಿತಾಂಶದ ಪ್ರಕಾರ ಬರದ 2010ರಲ್ಲಿ ಜಲಾನಯನ 48 ಕೋಟಿ ಟನ್ ಇಂಗಾಲ ಕಳೆದುಕೊಂಡಿತು, ಮಳೆಯ 2011ರಲ್ಲಿ ಹೆಚ್ಚುಕಡಿಮೆ ಸಮತೂಕದಲ್ಲಿತ್ತು. ಬೆಂಕಿಯನ್ನು ಕಳೆದು ನೋಡಿದರೆ 2011ರಲ್ಲಿ ಸುಮಾರು 25 ಕೋಟಿ ಟನ್ ಹೀರಿಕೊಂಡ ಸಸ್ಯಗಳು 2010ರಲ್ಲಿ ಏನನ್ನೂ ಹೀರಿರಲಿಲ್ಲ.

ಕ್ರಿಸ್ಟೊಫರ್ ಡೌಟಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಎಲ್ಲಕ್ಕಿಂತ ಮನಮುಟ್ಟಿದೆ. 13 ತುಣುಕುಗಳಲ್ಲಿ ಎಲೆ, ಕಾಂಡ, ಬೇರು, ಉಸಿರಾಟ ಎಲ್ಲವನ್ನೂ ಬಿಡಿಬಿಡಿಯಾಗಿ ಅಳೆದ ಅವರಿಗೆ ಬರದಲ್ಲಿ ದ್ಯುತಿಸಂಶ್ಲೇಷಣೆ ಕುಗ್ಗಿದರೂ ಮರಗಳ ಬೆಳವಣಿಗೆ ನಿಲ್ಲದಿರುವುದು ಕಂಡಿತು. ಮರಗಳು ಬೆಳೆಯಲು ಬೇಕಾದ ಇಂಗಾಲವನ್ನು ತಮ್ಮ ಪೋಷಣೆ ಮತ್ತು ರಕ್ಷಣೆಯ ಖರ್ಚಿನಿಂದ ಕಿತ್ತುಕೊಂಡಿದ್ದವು. ನೆರೆಮರದೊಡನೆ ಬೆಳಕಿಗಾಗಿ ಪೈಪೋಟಿ ಬಿಡುವಂತಿಲ್ಲವಲ್ಲ. ಅದರ ಬೆಲೆಯನ್ನು ಬರ ಮುಗಿದ ನಂತರದ ವರ್ಷಗಳಲ್ಲಿ ಸಾವಿನ ರೂಪದಲ್ಲಿ ತೆತ್ತವು. ಎಲೆ ಹಸಿರಾಗಿದೆ, ಕಾಂಡ ದಪ್ಪವಾಗುತ್ತಿದೆ, ಆದರೂ ಮರ ಸಾವಿನತ್ತ ನಡೆಯುತ್ತಿದೆ ಎಂಬ ಸ್ಥಿತಿಯನ್ನು ಯಾವ ಬಣ್ಣದ ಸೂಚ್ಯಂಕ ತೋರಿಸೀತು?

ಬಣ್ಣವನ್ನೇ ನೋಡದ ಒಂದು ಉಪಗ್ರಹ ಇದರ ಸುಳಿವು ಕೊಟ್ಟಿತ್ತು. ಸಮುದ್ರದ ಮೇಲಿನ ಗಾಳಿ ಅಳೆಯಲು ಹಾರಿಸಿದ್ದ ಕ್ವಿಕ್‌ಸ್ಕ್ಯಾಟ್‌ನ ರಡಾರ್ ಕಾಡಿನ ನೆತ್ತಿಯ ರಚನೆ ಮತ್ತು ತೇವಾಂಶಕ್ಕೆ ಸ್ಪಂದಿಸುತ್ತದೆ. ನಾಸಾದ ಜೆಪಿಎಲ್ ಪ್ರಯೋಗಾಲಯದ ಸಾಸನ್ ಸಾಚಿ ತಂಡ 2013ರಲ್ಲಿ ಅದರ ಹಳೆಯ ದತ್ತಾಂಶ ತೆರೆದು ನೋಡಿದಾಗ, 2005ರ ಬರದಲ್ಲಿ ನೈಋತ್ಯ ಅಮೆಜಾನ್‌ನ ಸಂಕೇತ ಕುಸಿದದ್ದು ಕಂಡಿತು. ಉಪಗ್ರಹದ ಕೆಲಸ ನಿಂತ 2009ರ ನವೆಂಬರ್‌ವರೆಗೂ ಅದು ಮೊದಲಿನ ಮಟ್ಟಕ್ಕೆ ಏರಿರಲಿಲ್ಲ. ಮಳೆ ಮರುವರ್ಷವೇ ಬಂದಿತ್ತು, ಕಾಡು ನಾಲ್ಕು ವರ್ಷವಾದರೂ ಚೇತರಿಸಿರಲಿಲ್ಲ.

ಬೆಂಗಳೂರಿನವರೆಗೆ ಬಂದ ಎಳೆ

ಈಗಿನ ಪ್ರಯತ್ನಗಳು ಹಸಿರಿನಾಚೆಗೆ ನೋಡುತ್ತಿವೆ. ದ್ಯುತಿಸಂಶ್ಲೇಷಣೆಯ ವೇಳೆ ಎಲೆ ತಾನೇ ಹೊರಸೂಸುವ ಮಂದ ಬೆಳಕನ್ನು, ಅಂದರೆ ಪ್ರತಿದೀಪ್ತಿಯನ್ನು, ಜಪಾನಿನ ಗೋಸ್ಯಾಟ್, ನಾಸಾದ ಒಸಿಒ-2 ಹಿಡಿಯುತ್ತವೆ. ಕಾಡಿನ ತೂಕವನ್ನೇ ಅಂದಾಜಿಸಲು ಯುರೋಪಿನ ಬಯೋಮಾಸ್ ಉಪಗ್ರಹ 2025ರ ಏಪ್ರಿಲ್‌ನಲ್ಲಿ ಹಾರಿತು. ಸುಮಾರು 70 ಸೆಂಟಿಮೀಟರ್ ಉದ್ದದ ಅದರ ರಡಾರ್ ಅಲೆ ಎಲೆಗಳನ್ನು ದಾಟಿ ಕಾಂಡ, ದೊಡ್ಡ ಕೊಂಬೆಗಳವರೆಗೆ ಇಳಿಯುತ್ತದೆ. ಅದೇ ವರ್ಷ ಜುಲೈ 30ರಂದು ಇಸ್ರೊ ಮತ್ತು ನಾಸಾದ ನಿಸಾರ್ ಶ್ರೀಹರಿಕೋಟದಿಂದ ಮೇಲೇರಿತು. ಅಮೆರಿಕದಲ್ಲಿ ಸಿದ್ಧವಾದ ಅದರ ರಡಾರ್ 2023ರಲ್ಲಿ ಬೆಂಗಳೂರಿಗೆ ಬಂದು, ಉಪಗ್ರಹದ ಜೋಡಣೆ ಇಲ್ಲೇ ಆಯಿತು. ಪ್ರತಿ 12 ದಿನಕ್ಕೊಮ್ಮೆ ಅದು ಅದೇ ದಾರಿಗೆ ಮರಳುತ್ತದೆ, ಮೋಡವೂ ಹೊಗೆಯೂ ಅದಕ್ಕೆ ಲೆಕ್ಕಕ್ಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕಿನ ಉಪಗ್ರಹಗಳಿಗೆ ಬಹುತೇಕ ಕಾಣಿಸದೇ ಹೋಗುವ ಆಗುಂಬೆ, ಕುದುರೆಮುಖ, ಕೊಡಗಿನ ಕಾಡುಗಳಿಗೆ ಇದು ದೊಡ್ಡ ಅನುಕೂಲ.

ಹಸಿರನ್ನೇ ಕಾಡಿನ ಲೆಕ್ಕವಾಗಿ ಓದುವ ಅಭ್ಯಾಸ ನಮ್ಮಲ್ಲೂ ಬೇರೂರಿದೆ. ಭಾರತದ ಅರಣ್ಯ ಸ್ಥಿತಿ ವರದಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇಕಡಾ 10ಕ್ಕಿಂತ ಹೆಚ್ಚು ನೆತ್ತಿಯ ದಟ್ಟಣೆ ಇರುವ ಜಾಗವನ್ನೆಲ್ಲ ಅರಣ್ಯ ಹೊದಿಕೆಯಲ್ಲಿ ಸೇರಿಸುತ್ತದೆ. ಒಡೆತನ ಯಾರದು, ಮರ ಯಾವುದು ಎಂಬುದು ಅಲ್ಲಿ ಪ್ರಶ್ನೆಯಲ್ಲ. ಕಾಫಿ ತೋಟವೂ ಅಕೇಶಿಯ ನೆಡುತೋಪೂ ಶೋಲೆಯ ಪಕ್ಕದಲ್ಲೇ ಹಸಿರಾಗಿ ನಿಲ್ಲುತ್ತವೆ. ಹೊದಿಕೆ ಹೆಚ್ಚಿತು ಎಂಬ ಸುದ್ದಿ ಬಂದಾಗಲೆಲ್ಲ ಯಾವ ಮರದ ಎಷ್ಟು ಟನ್ ಎಂದು ಕೇಳುವ ಹಕ್ಕು ಓದುಗರಿಗಿದೆ.

ರಡಾರ್ ಕಳಿಸುವುದೂ ಟನ್ನುಗಳನ್ನಲ್ಲ. ಮರಳಿ ಬಂದ ಅಲೆಯ ಬಲವನ್ನು ಮರದ ತೂಕಕ್ಕೆ ಪರಿವರ್ತಿಸುವ ಸೂತ್ರ ಹೊಂದಿಸಲು ತಗಡು ಹೊಡೆದ ಮರಗಳ ಅಳತೆಯೇ ಬೇಕು. 2015ರಲ್ಲಿ ರೋಯಲ್ ಬ್ರಿಯೆನೆನ್ ಮತ್ತಿತರರು ಅಂಥ 321 ತುಣುಕುಗಳ ದಾಖಲೆ ಕೂಡಿಸಿ, ಅಮೆಜಾನ್ ಕಾಡು ವರ್ಷಕ್ಕೆ ಹೀರುವ ಇಂಗಾಲ 1990ರ ದಶಕಕ್ಕಿಂತ ಮೂರನೇ ಒಂದರಷ್ಟು ಕುಗ್ಗಿದೆ ಎಂದು ತೋರಿಸಿದ್ದರು. 2023ರಲ್ಲಿ ರಿಯೊ ನೆಗ್ರೊ 12.70 ಮೀಟರಿಗೆ ಇಳಿದು 2010ರ ದಾಖಲೆ ಮುರಿಯಿತು, 2024ರಲ್ಲಿ ಇನ್ನೂ ಕೆಳಗಿಳಿಯಿತು. ಆ ಎರಡು ವರ್ಷಗಳ ಸಾವು ತುಣುಕುಗಳ ಪುಸ್ತಕದಲ್ಲಿ ಪೂರ್ತಿ ದಾಖಲಾಗಲು ಕೆಲವು ವರ್ಷ ಬೇಕು, ಅಷ್ಟು ಕಾಲ ಏಣಿ ಮತ್ತು ಟೇಪು ಹಿಡಿದು ಕಾಡಿಗೆ ಮರಳಿ ಹೋಗುವ ಜನರೂ ಬೇಕು. ಉಪಗ್ರಹಕ್ಕೆ ಒಮ್ಮೆಗೇ ಸಿಗುವ ಹಣದ ಸಣ್ಣ ಪಾಲನ್ನು ಇವರಿಗೆ ಪ್ರತಿ ವರ್ಷ ತಪ್ಪದೆ ಕೊಡುವ ವ್ಯವಸ್ಥೆ ಆಗಬೇಕು, ಪಶ್ಚಿಮ ಘಟ್ಟದಲ್ಲೂ.